ಗೇಟಿಗೆ ಅಡ್ಡ ನಿಂತ ಜೀಪು

ಅರಕಲಗೂಡಿನಲ್ಲಿ ನಾನು ಮೊದಲು ಪಾಠ ಹೇಳಿದ ಶಾಲೆಯ ಮುಂದೆ ರಸ್ತೆ ಅನ್ನುವಂಥದ್ದೇ ಇರಲಿಲ್ಲ. ಒಂದು ಬಯಲು, ಬಯಲಿನಾಚೆ ದನ ಹೋಗುವ ದಾರಿ, ಅಷ್ಟೇ. ಸಂಜೆ ಗಂಟೆ ಹೊಡೆದರೆ ಮಕ್ಕಳು ಕಾಳು ಚೆಲ್ಲಿದ ಹಾಗೆ ಓಡಿಹೋಗುತ್ತಿದ್ದರು. ಯಾರು ಎತ್ತ ಹೋದರೆಂದು ನಾನು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ ಆ ನೆಮ್ಮದಿ ಹೋಯಿತು.

ಇಲ್ಲಿನ ಶಾಲೆ ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ ಇತ್ತು. ಗೇಟಿನಿಂದ ಕಾಲು ಹೊರಗಿಟ್ಟರೆ ಚರಂಡಿ, ಅದರ ಮೇಲೆ ದಾಟಲು ಹಾಕಿದ ಚಪ್ಪಡಿ ಕಲ್ಲು, ಆಚೆಗೆ ಒಂದಿಷ್ಟು ಮಣ್ಣಿನ ಅಂಚು, ಆಮೇಲೆ ಟಾರು. ಶಾಲೆ ಬರುವುದಕ್ಕೆ ಸ್ವಲ್ಪ ಮುಂಚೆ ರಸ್ತೆ ಒಂದು ದೊಡ್ಡ ಗೋಣಿಮರವನ್ನು ಸುತ್ತಿ ತಿರುಗುತ್ತಿತ್ತು. ಹಿರೀಸಾವೆ ಕಡೆಯಿಂದ ಬರುವ ಬಸ್ಸು, ಲಾರಿಗಳು ಆ ತಿರುವು ದಾಟುವವರೆಗೆ ನಮಗೆ ಕಾಣುತ್ತಿರಲಿಲ್ಲ. ದಾಟಿದ ಮೇಲೆ ನಿಲ್ಲುವುದಕ್ಕೆ ಅವಕ್ಕೆ ಜಾಗ ಸಾಲುತ್ತಿರಲಿಲ್ಲ. ಹಾರನ್ನು ಮಾತ್ರ ಮೊದಲೇ ಕೇಳುತ್ತಿತ್ತು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ನನ್ನ ಅಂಗೈ ತಣ್ಣಗಾಗಿ ಬೆವರುತ್ತಿತ್ತು.

ಸುತ್ತಲ ಹಳ್ಳಿಯವರು ಹೆಣ್ಣುಮಕ್ಕಳನ್ನು ಓದಲು ಕಳಿಸಲು ಶುರು ಮಾಡಿದ್ದ ಕಾಲ ಅದು. ತೆಂಗಿನಕಾಯಿ, ಸೌದೆ, ಸೊಪ್ಪು ಹೇರಿಕೊಂಡು ಪೇಟೆಗೆ ಬರುವ ಎತ್ತಿನ ಗಾಡಿಗಳಲ್ಲೇ ಹುಡುಗಿಯರೂ ಬರುತ್ತಿದ್ದರು. ಸಂಜೆ ವ್ಯಾಪಾರ ಮುಗಿಸಿದ ಅಪ್ಪಂದಿರು ಗಾಡಿಗಳನ್ನು ತಂದು ಶಾಲೆಯ ಗೇಟಿಗೇ ಒತ್ತಿ ನಿಲ್ಲಿಸುತ್ತಿದ್ದರು. ಮುಂದೆ ನಿಂತವನ ಮಗಳು ಮೊದಲು ಹತ್ತುತ್ತಾಳೆ, ಮೊದಲು ಊರು ಸೇರುತ್ತಾಳೆ. ಹಾಗಾಗಿ ಎಲ್ಲರಿಗೂ ಮುಂದೆಯೇ ಬೇಕು. ಕೆಲವರು ಎತ್ತು ಬಿಚ್ಚಿ ನಮ್ಮ ಕಾಂಪೌಂಡಿಗೆ ಕಟ್ಟಿ, ಗಾಡಿಯ ಮೂಕಿಯನ್ನು ರಸ್ತೆಯ ಕಡೆಗೆ ಚಾಚಿಬಿಟ್ಟು ಕಾಫಿ ಕುಡಿಯಲು ಹೋಗಿಬಿಡುತ್ತಿದ್ದರು.

ಇವೆಲ್ಲಕ್ಕಿಂತ ನನ್ನನ್ನು ಹೆದರಿಸುತ್ತಿದ್ದುದು ಒಂದು ಜೀಪು. ಊರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಸಾಹುಕಾರರದು. ಅವರ ಮಗಳು ನಮ್ಮಲ್ಲಿ ಮೂರನೇ ಕ್ಲಾಸಿನಲ್ಲಿದ್ದಳು. ಗಂಟೆ ಹೊಡೆಯುವುದಕ್ಕೆ ಎಷ್ಟೋ ಮುಂಚೆ ಅವರೇ ಓಡಿಸಿಕೊಂಡು ಬಂದು, ಗೇಟಿಗೆ ಅಡ್ಡಲಾಗಿ, ಚಪ್ಪಡಿ ಕಲ್ಲಿನ ಮೇಲೇ ಚಕ್ರ ಹತ್ತಿಸಿ ನಿಲ್ಲಿಸುತ್ತಿದ್ದರು. ಮಗಳು ಗೇಟಿನಿಂದ ನೇರವಾಗಿ ಜೀಪಿನೊಳಕ್ಕೆ ಹತ್ತುವಳು. ಉಳಿದ ಮಕ್ಕಳು ಜೀಪಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ, ಜೀಪಿನ ಮೂತಿಯನ್ನು ಬಳಸಿ, ಎದುರಿಗೇ ಟಾರಿನ ಮೇಲೆ ಇಳಿಯಬೇಕು. ಜೀಪು ಮುಂದಿನ ಜಾಗ ಹಿಡಿದಿದ್ದರಿಂದ ಗಾಡಿಗಳು ಅದರ ಆಚೆಗೆ, ಅರ್ಧ ರಸ್ತೆಯ ತನಕ ನಿಲ್ಲುತ್ತಿದ್ದವು. ಮಕ್ಕಳಿಗೆ ಬಸ್ಸು ಕಾಣದು, ಬಸ್ಸಿನವನಿಗೆ ಮಕ್ಕಳು ಕಾಣರು.

ಹೊಸಬಳೆಂದು ಹೆಡ್‌ಮೇಷ್ಟ್ರು ಸಂಜೆ ಗೇಟಿನ ಹತ್ತಿರ ನಿಲ್ಲುವ ಕೆಲಸವನ್ನು ನನಗೆ ವಹಿಸಿದರು. ಮಧ್ಯಾಹ್ನದ ಊಟವಾದ ಮೇಲೆ ಮಗ್ಗಿ ಹೇಳಿಸುತ್ತಾ ಮುಂದಿನ ಸಾಲಿನ ಮುಖಗಳನ್ನು ನೋಡುತ್ತಿದ್ದೆ. ಇವತ್ತು ಇವರಲ್ಲಿ ಯಾರೋ ಎಂಬ ಯೋಚನೆ ಬಂದು, ಅಂಥ ಯೋಚನೆ ಮಾಡಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಮೊದಮೊದಲು ಗಾಡಿಯವರ ಹತ್ತಿರ ಮಾತಾಡಿ ನೋಡಿದೆ. ದಂಡಿಗನಹಳ್ಳಿ ಕಡೆಯ ಒಬ್ಬ ರೈತನಿದ್ದ. ಒಳ್ಳೆಯ ಮನುಷ್ಯ, ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದ.

"ಗಾಡೀನ ಸ್ವಲ್ಪ ಹಿಂದಕ್ಕೆ, ಆ ಮರದ ಹತ್ತಿರ ನಿಲ್ಲಿಸಪ್ಪ. ಮಕ್ಕಳು ಬರೋಕೆ ದಾರಿ ಬೇಡವಾ?" ಎಂದೆ.

"ನಿಲ್ಲುಸ್ತೀನವ್ವ. ನಾನ್ ಇಂದಕ್ಕೋದ್ರೆ ಇನ್ನೊಬ್ಬ ಬಂದು ಇಲ್ಲೇ ನಿಲ್ಲುಸ್ತಾನೆ, ಅದ್ಕೇನ್ಮಾಡೀರಿ?" ಎಂದು ಜೀಪಿನ ಕಡೆ ಗದ್ದ ತೋರಿಸಿದ. "ದೊಡ್ಡೋರ್ಗೆ ಯೋಳಿ ಮೊದ್ಲು. ಅವರು ತೆಗುದ್ರೆ ನಾವೂ ತೆಗಿತೀವಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ದೊಡ್ಡವರನ್ನು ಮಾತಾಡಿಸುವ ಧೈರ್ಯ ನನಗಿರಲಿಲ್ಲ. ಹೆಡ್‌ಮೇಷ್ಟ್ರಿಗೂ ಇರಲಿಲ್ಲ. "ಅವರು ಪುರಸಭೆ ಮೆಂಬರು ಕಣಮ್ಮ. ಹಾಸನದ ಆಫೀಸಿಗೆ ಒಂದು ಮಾತು ಹೋಯ್ತು ಅಂದ್ರೆ ನಿಮ್ಮನ್ನ ಯಾವ ಕಾಡುಮೂಲೆಗೆ ಹಾಕ್ತಾರೋ. ಜೊತೇಲಿ ತಾಯಿ ಬೇರೆ ಇದ್ದಾರೆ" ಎಂದು ನನ್ನ ಮೇಲಿನ ಕಾಳಜಿಯೇ ತಮಗೆ ದೊಡ್ಡದೆನ್ನುವ ಹಾಗೆ ಹೇಳಿದರು.

ಕಾರ್ತಿಕದ ಒಂದು ಸಂಜೆ ನಾನು ಹೆದರಿದ್ದು ಹತ್ತಿರ ಬಂತು.

ಗಂಟೆ ಹೊಡೆದಿತ್ತು. ಜೀಪು ಎಂದಿನಂತೆ ಗೇಟಿಗೆ ಅಡ್ಡ ನಿಂತಿತ್ತು. ಅದರ ಮಗ್ಗುಲಿಗೇ ದಂಡಿಗನಹಳ್ಳಿಯವನ ಗಾಡಿ. ಎತ್ತುಗಳನ್ನು ಆಗಲೇ ನೊಗಕ್ಕೆ ಹೂಡಿ, ಕೆಳಗಿಳಿದು ಬೀಡಿ ಹಚ್ಚುತ್ತಿದ್ದ. ಒಂದನೇ ಕ್ಲಾಸಿನ ಒಂದು ಪುಟ್ಟ ಹುಡುಗಿ, ದಿನವೂ ಎಲ್ಲರಿಗಿಂತ ಹಿಂದೆ ಬೀಳುವಂಥವಳು, ಜೀಪಿಗೂ ಗಾಡಿಗೂ ನಡುವೆ ನುಸುಳುತ್ತಿದ್ದಳು. ತಿರುವಿನಲ್ಲಿ ಲಾರಿಯೊಂದು ಉದ್ದಕ್ಕೆ ಹಾರನ್ನು ಬಾರಿಸಿತು. ಎತ್ತುಗಳು ಬೆದರಿ ಹಿಂದಕ್ಕೆ ಜಗ್ಗಿದವು. ಗಾಡಿ ಓರೆಯಾಗಿ ಹಿಂದೆ ಸರಿದು, ಗಾಲಿಯ ನಡುವಿನ ಗುಂಬ ಮಗುವನ್ನು ಜೀಪಿನ ತಗಡಿಗೆ ಒತ್ತಿ ಹಿಡಿಯಿತು.

ಹುಡುಗಿ ಅಳಲಿಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಎತ್ತು ಅಂದರೆ ನನಗೆ ಹೊಳೆನರಸೀಪುರದಲ್ಲಿ ಬೆಳೆದ ಕಾಲದಿಂದಲೂ ಹೆದರಿಕೆ. ಬೀದಿಯಲ್ಲಿ ಎದುರಾದರೆ ಯಾರದ್ದಾದರೂ ಜಗಲಿ ಹತ್ತಿಬಿಡುತ್ತಿದ್ದೆ. ಅವತ್ತು ಹೇಗೆ ಹೋದೆನೋ ತಿಳಿಯದು, ಹತ್ತಿರದ ಎತ್ತಿನ ಮೂಗುದಾರ ನನ್ನ ಕೈಯಲ್ಲಿತ್ತು. ಅದರ ಬಿಸಿ ಉಸಿರು ಮೊಣಕೈಗೆ ತಾಗುತ್ತಿತ್ತು. ನಾನು ಮುಂದಕ್ಕೆ ಎಳೆದೆ. ರೈತ ಬೀಡಿ ಬಿಸಾಕಿ ಗಾಲಿಗೆ ಹೆಗಲು ಕೊಟ್ಟ. "ಬಾರೋ ನನ್ನಪ್ಪ, ಬಾ, ಬಾ" ಎಂದು ಎತ್ತನ್ನು ಬೇಡುತ್ತಿದ್ದ. ಗಾಡಿ ಒಂದು ಗೇಣು ಮುಂದೆ ಬಂತು. ಮಗು ಕೆಳಕ್ಕೆ ಜಾರಿತು. ಮಂಡಿಯಿಂದ ಕೆಳಗೆ ಚರ್ಮ ಕಿತ್ತು ನೆತ್ತರು ಸುರಿಯುತ್ತಿತ್ತು. ಮೂಳೆಗೆ ಏನೂ ಆಗಿರಲಿಲ್ಲ. ಎತ್ತಿಕೊಂಡರೆ, "ನನ್ನ ಸ್ಲೇಟು" ಎಂದಿತು.

ಇಷ್ಟೆಲ್ಲ ಆಗುವಾಗ ಜೀಪಿನ ಸಾಹುಕಾರರು ಕೆಳಗಿಳಿಯಲಿಲ್ಲ. ಮಗಳ ಮುಖವನ್ನು ಎದೆಗೆ ಒತ್ತಿ, ಎರಡು ತೋಳಿನಿಂದಲೂ ಬಿಗಿದು ಹಿಡಿದಿದ್ದರು. ನೆತ್ತರು ಸುರಿಯುವ ಮಗುವಿನ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತಿದ್ದರು. ಗಾಡಿ ಸರಿಯುತ್ತಲೇ ಜೀಪು ಹೊರಟುಹೋಯಿತು.

"ಕಂಡ್ರಾ ಅವ್ವ, ದೊಡ್ಮನ್ಸನ್ನ!" ಎಂದ ರೈತ. "ಮಗೀಗೇನಾಯ್ತು ಅಂತ ಒಂದ್ ಮಾತು ಕೇಳ್ಲಿಲ್ವಲ್ಲ."

ನನಗೆ ಸಿಟ್ಟು ಬರಲಿಲ್ಲ. ಬಂದದ್ದು ನಾಳೆಯ ಭಯ. ಮರುದಿನ ಜೀಪು ಅದೇ ಜಾಗದಲ್ಲಿ, ಅದೇ ಚಪ್ಪಡಿ ಕಲ್ಲಿನ ಮೇಲೆ ನಿಂತಿದ್ದನ್ನು ಕಂಡಾಗ ಈ ಮನುಷ್ಯನ ಮುಂದೆ ನಿಂತು ಮಾತಾಡದೆ ವಿಧಿಯಿಲ್ಲ ಅನ್ನಿಸಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದೆ. "ಗಂಡಸರ ಮಂಡಿಗೆ ಒಬ್ಬಳೇ ಹೋಗ್ತೀಯೇನೇ? ಊರು ಏನನ್ನುತ್ತೆ?" ಎಂದು ಅಮ್ಮ ಬಾಗಿಲಲ್ಲೇ ತಡೆದಳು. ಊರು ಅನ್ನುವುದು ನನ್ನ ಹೆದರಿಕೆಗಳ ಸಾಲಿನಲ್ಲಿ ತೀರ ಕೊನೆಯದಾಗಿತ್ತು. ಮಂಡಿಯ ಹಿಂಭಾಗದಲ್ಲೇ ಅವರ ಮನೆ. ಒಣಗಲು ಹರಡಿದ ಕೊಬ್ಬರಿಯ ಜಿಡ್ಡಿನ ವಾಸನೆ ಅಂಗಳದ ತುಂಬ ಇತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಅವರನ್ನು ಕಂಡ ಕೂಡಲೇ ಮರೆತುಹೋದವು. ಎತ್ತರದ ಆಳು, ದಪ್ಪ ಹುಬ್ಬು, ಬಿಳಿ ಅಂಗಿ.

"ಏನ್ ಬಂದ್ರಿ ಟೀಚರಮ್ಮ? ಕುಂತ್ಕಳಿ" ಎಂದರು.

ಕೂರಲಿಲ್ಲ. ಕೂತರೆ ಏಳಲಾರೆ ಅನ್ನಿಸಿತು. "ಸಂಜೆ ಹೊತ್ತು ಜೀಪನ್ನ ಗೇಟಿಂದ ಸ್ವಲ್ಪ ದೂರ ನಿಲ್ಲಿಸಬೇಕು. ಮಕ್ಕಳಿಗೆ ರಸ್ತೆ ಕಾಣಲ್ಲ" ಎಂದೆ.

"ಆಗಾಕಿಲ್ಲ."

"ಮೊನ್ನೆ ಆ ಮಗುವಿಗೆ..."

"ಗಾಡಿಯವನ ಎತ್ತು ಬೆದರಿದ್ದು. ನನ್ನ ಜೀಪು ನಿಂತಿದ್ದಂಗೇ ಇತ್ತು."

ಅಲ್ಲಿಗೆ ತಿರುಗಿ ಬಂದುಬಿಡಬೇಕೆನ್ನಿಸಿತು. ಆದರೂ ಮಾತು ತಾನಾಗಿ ಬಂತು. "ಆ ಸಂದಿಯಲ್ಲಿ ನಿಮ್ಮ ಮಗಳೇ ಸಿಕ್ಕಿಕೊಂಡಿದ್ದರೆ?"

ಅವರು ಎದ್ದು ನಿಂತರು. ನನ್ನ ಕಡೆ ಎರಡು ಹೆಜ್ಜೆ ಬಂದವರು ತಟ್ಟನೆ ತಿರುಗಿ ಒಳಕ್ಕೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಸೋಮವಾರ ವರ್ಗದ ಆರ್ಡರು ಬರುತ್ತದೆ, ಅಮ್ಮನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಾ ಕಂಬ ಹಿಡಿದು ನಿಂತಿದ್ದೆ.

ಅವರ ಹೆಂಡತಿ ಮಜ್ಜಿಗೆ ಹಿಡಿದು ಬಂದರು. ಲೋಟವನ್ನು ನನ್ನ ಕೈಗೆ ಕೊಟ್ಟು, ಮುಚ್ಚಿದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಬೇಜಾರ್ ಮಾಡ್ಕಬ್ಯಾಡಿ ಕಣವ್ವ. ಇವಳಿಗಿಂತ ಮುಂಚೆ ನಮ್ಗೆ ಇನ್ನೊಬ್ಬಳಿದ್ಲು. ಹಿರೀಸಾವೇಲಿ, ನಮ್ಮ ತವರಿಗೆ ಅಂತ ಓಗಿದ್ವಿ. ಬಸ್ ಇಳ್ದು ಓಟ್ಲು ಮುಂದೆ ನಿಂತಿದ್ವಿ. ಮಗೀನ ಕೈ ಅವರ ಕೈಲೇ ಇತ್ತು. ಬೆಂಕಿಕಡ್ಡಿ ಗೀರಾಕೆ ಅಂತ ಕೈ ಬುಟ್ರು. ಅಷ್ಟೇಯ. ಅಷ್ಟ್ರಲ್ಲಿ ಲಾರಿ ಬಂತು."

ಸೆರಗಿನಿಂದ ಕಣ್ಣೊರೆಸಿಕೊಳ್ಳಲೂ ಇಲ್ಲ. ಬಹಳ ಸಲ ತನಗೆ ತಾನೇ ಹೇಳಿಕೊಂಡಿದ್ದನ್ನು ಇನ್ನೊಂದು ಸಲ ಹೇಳಿದ ಹಾಗಿತ್ತು. "ಆಮ್ಯಾಲೇ ಜೀಪು ತಗಂಡಿದ್ದು" ಎಂದರು.

ಬಾಗಿಲು ತೆರೆಯಿತು. ಸಾಹುಕಾರರು ಬಂದು ಚಾಪೆಯ ಮೇಲೆ ಕೂತರು. ಹೆಂಡತಿಯ ಕಡೆ ನೋಡಿ, "ಯೋಳ್ದಾ?" ಎಂದರು. ಆಕೆ ತಲೆಯಾಡಿಸಿದರು. ನಾನೂ ಕೂತೆ.

"ಮೊನ್ನೆ ಆ ಮಗು ಗಾಲೀಗ್ ಸಿಕ್ಕಾಕ್ಕಂಡಾಗ ನಂಗೆ ಕಣ್ಣೇ ಕಾಣ್ಲಿಲ್ಲ ಟೀಚರಮ್ಮ" ಎಂದರು. "ಎಂಗೆ ಜೀಪ್ ಓಡಿಸ್ಕಂಡು ಬಂದ್ನೋ ಅದೂ ಗೊತ್ತಿಲ್ಲ. ನನ್ನ ಮಗ್ಳು ಗೇಟಿಂದ ಜೀಪಿಗೆ ಅತ್ತಬೇಕು. ನಡುವೆ ನೆಲ ಇರಬಾರ್ದು. ಬ್ಯಾರೆ ಮಕ್ಕಳ ಇಚಾರ ಮಾಡಾಕೆ ಓದ್ರೆ ನನ್ನ ತಲೆ ಅಲ್ಲಿಗೇ ನಿಂತೋಯ್ತದೆ."

ನನ್ನ ಹೆದರಿಕೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಜಂಬದ ಮನುಷ್ಯನಾಗಿದ್ದರೆ ಕೈ ಮುಗಿದು ಬೇಡಬಹುದಿತ್ತು, ನಾಲ್ಕು ಜನರನ್ನು ಕರೆದುಕೊಂಡು ಬಂದು ಹೇಳಿಸಬಹುದಿತ್ತು. ಇವರಿಗೆ ಏನು ಹೇಳುವುದು? ನನಗೆ ದಿನವೂ ಆಗುತ್ತಿದ್ದುದೇ ಇವರಿಗೂ ಆಗುತ್ತಿತ್ತು. ಆ ಭಯಕ್ಕೇ ಅವರು ಜೀಪನ್ನು ತಂದು ಅಡ್ಡ ನಿಲ್ಲಿಸುತ್ತಿದ್ದರು. ಅದು ಅಲ್ಲಿ ನಿಲ್ಲುತ್ತದೆಂದೇ ನಾನು ಹೆದರುತ್ತಿದ್ದೆ.

ಕೊನೆಗೆ, "ಸೋಮವಾರ ಒಂದು ಸಲ ಒಳಗೆ ಬನ್ನಿ. ಜೀಪು ಎಲ್ಲಿ ನಿಲ್ಲಿಸ್ತೀರೋ ಅಲ್ಲೇ ಇರಲಿ. ನೀವು ಇಳಿದು ನನ್ನ ಜೊತೆ ಗೇಟಿನ ಒಳಗಡೆ ನಿಂತ್ಕೊಳ್ಳಿ. ಮಗಳ ಕೈ ನಿಮ್ಮ ಕೈಲೇ ಇರಲಿ" ಎಂದೆ.

ಲೋಟ ಕೆಳಗಿಟ್ಟು ಎದ್ದು ಬಂದೆ.

ಸೋಮವಾರ ಬಂದರು. ಜೀಪು ನಿಲ್ಲಿಸಿ, ಚರಂಡಿಯ ಕಡೆಯಿಂದ ಇಳಿದು, ಗೋಡೆ ಹಿಡಿದುಕೊಂಡೇ ಒಳಗೆ ಬಂದರು. ಮಗಳನ್ನು ಕ್ಲಾಸಿನಿಂದ ಕರೆದುಕೊಂಡು ಬಂದು ಅವರ ಪಕ್ಕಕ್ಕೆ ನಿಲ್ಲಿಸಿದೆ. ಆ ಹುಡುಗಿಯ ಕೈಯನ್ನು ಅವರು ಹಿಡಿದ ರೀತಿ ನೋಡಿ ಅವಳ ಬೆರಳು ನೋಯುವುದೇನೋ ಅನ್ನಿಸಿತು.

ಗಂಟೆ ಹೊಡೆಯಿತು. ಮಕ್ಕಳು ನಮ್ಮ ಎರಡೂ ಮಗ್ಗುಲಿನಿಂದ ಹರಿದುಹೋದರು. ನಾವು ನಿಂತ ಜಾಗದಿಂದ ರಸ್ತೆಯೇ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಜೀಪಿನ ದೂಳು ಹಿಡಿದ ಕ್ಯಾನ್ವಾಸು ಮಾತ್ರ. ಒಬ್ಬೊಬ್ಬ ಮಗುವೂ ಸಂದಿಯಲ್ಲಿ ತಲೆ ತಗ್ಗಿಸಿ ನುಗ್ಗುವುದು, ಜೀಪಿನ ಮೂತಿಯ ಹತ್ತಿರ ತಿರುಗುವುದು, ಮರೆಯಾಗುವುದು. ಮರೆಯಾದ ಮೇಲೆ ಏನಾಯಿತೋ ನಮಗೆ ತಿಳಿಯದು. ಒಂದು ಹೋಯಿತು. ಇನ್ನೊಂದು ಹೋಯಿತು. ಸಾಹುಕಾರರು ಉಸಿರಾಡುವುದು ನನಗೆ ಕೇಳುತ್ತಿತ್ತು.

"ಎಲ್ಲೋದ್ವು?" ಎಂದರು.

"ದಿನಾ ಹೀಗೇ. ನನಗೂ ಗೊತ್ತಾಗಲ್ಲ."

ಕೊನೆಗೆ ಕಾಲಿಗೆ ಬಟ್ಟೆ ಸುತ್ತಿದ ಆ ಪುಟ್ಟ ಹುಡುಗಿ ಕುಂಟುತ್ತಾ ಬಂದಳು. ಸಂದಿಯೊಳಗೆ ಹೋದಳು. ಅದೇ ಹೊತ್ತಿಗೆ ಗೋಣಿಮರದ ಕಡೆಯಿಂದ ಬಸ್ಸಿನ ಹಾರನ್ನು ಕೇಳಿತು. ಒಂದು ಸಲ, ಮತ್ತೆ ಇನ್ನೂ ಹತ್ತಿರದಿಂದ. ಮಗು ನಿಲ್ಲಲಿಲ್ಲ. ಮೂತಿಯನ್ನು ಬಳಸಿ ಮರೆಯಾದಳು. ಬ್ರೇಕಿನ ಕಿರುಚಾಟ, ಯಾರದೋ ಕೂಗು.

ನಾನು ಓಡಲು ಹೊರಟೆ. ನನಗಿಂತ ಮೊದಲು ಅವರು ಓಡಿದರು. ಆ ದೊಡ್ಡ ಮೈ ಆ ಸಂದಿಯಲ್ಲಿ ಹೇಗೆ ತೂರಿತೋ, ಅಂಗಿಯ ತೋಳು ಕಬ್ಬಿಣಕ್ಕೆ ಸಿಕ್ಕಿ ಪರ್ರನೆ ಹರಿಯಿತು. ನಾನು ಹಿಂದೆಯೇ ಹೋಗಬೇಕೆನ್ನುವಷ್ಟರಲ್ಲಿ ಪಕ್ಕದಲ್ಲಿ ಅವರ ಮಗಳು ಒಬ್ಬಳೇ ನಿಂತಿದ್ದು ಕಾಣಿಸಿತು. ಅವಳ ಕೈ ಹಿಡಿದುಕೊಂಡೇ ಹೋದೆ.

ಬಸ್ಸು ದೂಳೆಬ್ಬಿಸಿ ಮುಂದೆ ಹೋಗಿ ನಿಂತಿತ್ತು. ಡ್ರೈವರು ತಲೆ ಹೊರಗೆ ಹಾಕಿ, "ಏನ್ ಸಾ ಇದು, ರಸ್ತೇನ ಕೊಟ್ಟಿಗೆ ಮಾಡ್ಕಂಡಿದೀರಾ!" ಎಂದು ಬೈಯುತ್ತಿದ್ದ. ಒಂದು ಗಾಡಿಯ ಗಾಲಿಗೆ ಬೆನ್ನು ಒತ್ತಿಕೊಂಡು ಆ ಪುಟ್ಟ ಹುಡುಗಿ ನಿಂತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಬಸ್ಸು ಅವಳ ಲಂಗಕ್ಕೆ ಗಾಳಿ ಬೀಸುವಷ್ಟು ಹತ್ತಿರದಲ್ಲಿ ಹೋಗಿತ್ತು. ಸಾಹುಕಾರರು ಅವಳ ಮುಂದೆ ಟಾರಿನ ಮೇಲೇ ಕುಕ್ಕುರುಗಾಲಲ್ಲಿ ಕೂತು ಅವಳ ಎರಡು ಭುಜ ಹಿಡಿದಿದ್ದರು.

ಆಮೇಲೆ ತಮ್ಮ ಅಂಗೈ ನೋಡಿಕೊಂಡರು. ಧಡಕ್ಕನೆ ಎದ್ದು, "ಮಗಾ! ಮಗಾ!" ಎಂದು ಕೂಗಿದ ಆ ಕೂಗು ನಾನು ಯಾವ ಗಂಡಸಿನ ಬಾಯಲ್ಲೂ ಕೇಳಿರಲಿಲ್ಲ.

"ಇಲ್ಲಿದ್ದಾಳೆ. ನನ್ನ ಹತ್ತಿರ ಇದ್ದಾಳೆ" ಎಂದು ಕೂಗಿ ಅವಳ ಕೈ ಮೇಲಕ್ಕೆತ್ತಿ ತೋರಿಸಿದೆ.

ಮರುದಿನ ಜೀಪು ಬರಲಿಲ್ಲ. ಸಾಹುಕಾರರು ನಡೆದು ಬಂದರು. ಶಾಲೆಯ ಮಗ್ಗುಲಿಗೆ ಒಂದು ಓಣಿ ಇತ್ತು. ಆ ಕಡೆಯ ಗೋಡೆಯನ್ನು ಒಂದಾಳು ಅಗಲಕ್ಕೆ ಒಡೆದು ಬಾಗಿಲು ಇಡಿಸಲು ಪುರಸಭೆಯಲ್ಲಿ ಅವರೇ ಮಾತಾಡಿದರು. ಮಕ್ಕಳು ಓಣಿಯಲ್ಲಿ ಹೊರಬಂದು, ಹಿಂದಿನ ಬಯಲಿನಲ್ಲಿ ಗಾಡಿ ಹತ್ತುವಂತಾಯಿತು. ಹೆಡ್‌ಮೇಷ್ಟ್ರು ಆ ಉಪಾಯ ತಮ್ಮದೆಂದೇ ನಾಲ್ಕು ಜನರ ಮುಂದೆ ಹೇಳಿಕೊಂಡರು.

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ದಂಡಿಗನಹಳ್ಳಿಯವನು ಕೊಟ್ಟ ಮಾತಿಗೆ ತಪ್ಪದೆ ಬಯಲಿಗೇ ಹೋದ. ಬೇರೆಯವರು ಎರಡು ದಿನ ಹೋಗಿ, ಮೂರನೆಯ ದಿನ ಮತ್ತೆ ಮುಂದಿನ ಗೇಟಿಗೇ ಬಂದರು. ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರ ಬಸ್ಸುಗಳು ಹೆಚ್ಚಾದ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಒಂದು ಕೋಲು ಹಿಡಿದು ನಿಂತು, ಗಾಡಿ ಕಂಡ ಕೂಡಲೇ ಕೂಗಾಡುತ್ತಿದ್ದೆ. ದನಿ ನಡುಗುತ್ತಿತ್ತು. ಗಾಡಿಯವರು ಅದನ್ನು ಸಿಟ್ಟು ಅಂದುಕೊಳ್ಳುತ್ತಿದ್ದರು.

ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ನನಗೆ ಜ್ವರ ಬಂದು ಒಂದು ವಾರ ಮಲಗಿದೆ. ಮಲಗಿದಲ್ಲೂ ಸಂಜೆಯಾದರೆ ಕಿವಿ ರಸ್ತೆಯ ಕಡೆಗೇ. ಎದ್ದು ಶಾಲೆಗೆ ಹೋದ ದಿನ, ಗಂಟೆಗೆ ಮೊದಲೇ ಗೇಟಿಗೆ ಬಂದು ನೋಡಿದರೆ ಸಾಹುಕಾರರು ಅಲ್ಲಿದ್ದರು. ಟಾರಿನ ಅಂಚಿನಲ್ಲಿ ನಿಂತು, ಒಬ್ಬ ಗಾಡಿಯವನಿಗೆ, "ಲೇ, ಇಂದಿನ ಬಯಲಿಗೆ ಒಡ್ಕಂಡೋಗ್ಲಾ! ಮಕ್ಕಳು ಬತ್ತವೆ ಕಣ್ಲಾ!" ಎಂದು ಕೂಗುತ್ತಿದ್ದರು. ಆ ವಾರವೆಲ್ಲ ಅವರೇ ನಿಂತಿದ್ದರಂತೆ. ಯಾರೂ ಕರೆದಿರಲಿಲ್ಲ.

ಹತ್ತಿರ ಹೋದೆ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅಷ್ಟು ಬಿಸಿಲೇನೂ ಇರಲಿಲ್ಲ.

"ಭಯ ಆಗಲ್ವೆ?" ಎಂದು ಕೇಳಿದೆ.

"ಆಯ್ತದೆ. ದಿನಾಲೂ ಆಯ್ತದೆ." ಎಂದರು. ಹಣೆ ಒರೆಸಿಕೊಂಡು, "ನಿಮ್ಗೆ?" ಎಂದರು.

"ನನಗೂ."

ಗಂಟೆ ಹೊಡೆಯಿತು. ಅವರು ತಿರುವಿನ ಕಡೆಗೆ ಮುಖ ಮಾಡಿ ನಿಂತರು. ನಾನು ಓಣಿಯ ಬಾಯಲ್ಲಿ ನಿಂತು, ಬರುವ ಮಕ್ಕಳನ್ನು ಒಬ್ಬೊಬ್ಬರಾಗಿ ಬಯಲಿನ ಕಡೆಗೆ ಬಿಡತೊಡಗಿದೆ.